ಚಿಕ್ಕಮ್ಮನ ಕಿವಿಗೆ ಬಿದ್ದ ‘ಕಟ್’

ಮೂವತ್ತು ವರ್ಷದಿಂದ ಚಿಕ್ಕಮ್ಮ ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡಿದವಳು. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಚಪ್ಪಲಿ ಅಂಗಡಿಯ ಮಹಡಿಯ ಮೇಲೆ ಒಂದು ಮೆಷಿನ್ನು, ಒಂದು ಮೇಜು, ಆಳೆತ್ತರದ ಒಂದು ಕನ್ನಡಿ. ಅದೇ ಅವಳ ಟೈಲರ್ ಅಂಗಡಿ. ಅಕ್ಕನ ಮಗಳು ಕರೆಯುವುದನ್ನು ಕೇಳಿ ಕೇಳಿ ಗಿರಾಕಿಗಳಿಗೂ ಅವಳು ಚಿಕ್ಕಮ್ಮನೇ ಆಗಿದ್ದಳು. ಆದರೆ ಅಳತೆ ಕೊಡುವಾಗ ಯಾರೂ ಅವಳ ಮುಖ ನೋಡುತ್ತಿರಲಿಲ್ಲ. ಕನ್ನಡಿಯಲ್ಲಿ ತಮ್ಮದನ್ನೇ ನೋಡಿಕೊಳ್ಳುತ್ತಿದ್ದರು. ಗಣಿತದ ಟೀಚರಂತೂ ಇನ್ನೂ ಆಗಿಲ್ಲವೇ ಎಂದು ಗೊಣಗುವುದನ್ನೂ ಕನ್ನಡಿಗೇ ಗೊಣಗುತ್ತಿದ್ದಳು.

ಅಕ್ಕನ ಮಗಳಿಗೆ ಸಿನಿಮಾ ಹುಚ್ಚು. ಗೆಳೆಯರನ್ನು ಗುಡ್ಡೆಹಾಕಿಕೊಂಡು ಹೆದರಿಸುವ ಕಿರುಚಿತ್ರ ತೆಗೆಯಲು ಹೊರಟಳು. ಏಳು ಶಿಷ್ಯರ ಒಂದು ಗುಪ್ತ ಪಂಥ, ಅದಕ್ಕೊಬ್ಬ ಗುರು, ಅವರ ಬಲೆಗೆ ಬೀಳುವ ಒಬ್ಬ ಹುಡುಗಿ. ಕಥೆಯೆಲ್ಲ ಕೇಳಿಸಿಕೊಂಡ ಚಿಕ್ಕಮ್ಮ, ನಿಲುವಂಗಿ ಎಷ್ಟು ಬೇಕು ಎಂದಷ್ಟೇ ಕೇಳಿದಳು. ಎಂಟು ಕರಿ ನಿಲುವಂಗಿ ಹೊಲಿದಳು, ಗುರುವಿನದಕ್ಕೆ ಮಾತ್ರ ತಲೆಮುಸುಕು. ಎಲ್ಲದಕ್ಕೂ ಎರಡೆರಡು ಜೇಬು. ಬಲಿ ಕೊಡುವವರಿಗೆ ಜೇಬು ಯಾಕೆ ಎಂದು ಮಗಳು ತಲೆ ಚಚ್ಚಿಕೊಂಡಳು. ಅವರಿಗೂ ಶೀತ ನೆಗಡಿ ಅಂತ ಬರುವುದಿಲ್ಲವೇ, ಕರವಸ್ತ್ರ ಎಲ್ಲಿಡಬೇಕು ಎಂಬುದು ಚಿಕ್ಕಮ್ಮನ ವಾದ.

ಉಳಿದದ್ದು ಕೊನೆಯ ದೃಶ್ಯ. ಗುರು ಬರುವುದೇ ಅದರಲ್ಲಿ. ಹುಡುಗಿಯ ಪಾತ್ರ ಮಾಡುತ್ತಿದ್ದ ನರ್ಸ್ ಮರುದಿನ ಬೆಳಿಗ್ಗೆ ಹೊಸ ಕೆಲಸಕ್ಕೆಂದು ದೂರದ ಊರಿಗೆ ಹೊರಡುವವಳು. ಇವತ್ತು ಆಗದಿದ್ದರೆ ಚಿತ್ರವೇ ಇಲ್ಲ, ಎರಡು ವರ್ಷದ ಕೆಲಸ ನೀರುಪಾಲು. ಬಾಗಿಲು ಮುಚ್ಚಿದ್ದ ಮುದ್ರಣಾಲಯವೊಂದರ ಹಾಲ್‌ನಲ್ಲಿ, ಕಿಟಕಿಗಳಿಗೆ ಕಂಬಳಿ ಹೊದಿಸಿ, ಬೆಳಿಗ್ಗೆಯೇ ಕತ್ತಲು ಮಾಡಿದರು.

ಗುರುವಾಗಿದ್ದವನು ಆರಡಿಯ ಅಂಚೆ ಗುಮಾಸ್ತ. ಅವನ ದನಿಗೆ ಗೆಳೆಯರು ‘ಗುಡುಗು’ ಎಂದೇ ಹೆಸರಿಟ್ಟಿದ್ದರು. ಆದರೆ ಗುಡುಗು ಬಾಯಿ ತೆರೆದಾಗಲೆಲ್ಲ ನರ್ಸ್ ಕಿಸಕ್ಕೆಂದು ನಗುತ್ತಿದ್ದಳು. ಪಾರ್ಸೆಲ್ ಬಂದಿದೆ, ಸಹಿ ಹಾಕಿ ಎಂದ ಹಾಗೇ ಕೇಳುತ್ತದಂತೆ. ಹನ್ನೊಂದು ಸಲ ತೆಗೆದರು, ಹನ್ನೊಂದು ಸಲವೂ ನಗು. ಹನ್ನೆರಡನೆಯದಕ್ಕೆ ಮುಂಚೆ ಗುಡುಗು ತನ್ನ ನಿಲುವಂಗಿಯ ಅಂಚನ್ನೇ ತುಳಿದು ಮುಗ್ಗರಿಸಿದ. ಚಿಕ್ಕಮ್ಮ ಅವನ ಬೆನ್ನ ಹಿಂದೆ ಮಂಡಿಯೂರಿ ಕೂತಳು.

“ಉದ್ದ ಜಾಸ್ತಿಯಾಯ್ತು ಕಣೇ. ತೆಗೀಲಾ?” ಎಂದಳು, ಗುಂಡುಸೂಜಿಗಳ ಸಂದಿಯಿಂದ.

“ಇರು ಚಿಕ್ಕಮ್ಮ, ನಾನು ಹೇಳ್ತೀನಿ,” ಎಂದಳು ಮಗಳು ಕ್ಯಾಮೆರಾದಿಂದ ಕಣ್ಣು ತೆಗೆಯದೆ.

ಚಿಕ್ಕಮ್ಮ ಕತ್ತಲಲ್ಲಿ ಅಂದಾಜಿನ ಮೇಲೆ ಬಟ್ಟೆಯನ್ನು ಎರಡು ಗೇಣು ಒಟ್ಟುಮಾಡಿ ಹಿಡಿದು, ಕತ್ತರಿ ತೆರೆದಿಟ್ಟುಕೊಂಡು ಕಾದಳು. ಗುಡುಗು ಗುಡುಗಿದ. ನರ್ಸ್ ನಕ್ಕಳು. ಮಗಳು “ಕಟ್!” ಎಂದಳು.

ಮೂವತ್ತು ವರ್ಷ ಆ ಮಾತಿಗೆ ಒಂದೇ ಅರ್ಥ ಗೊತ್ತಿದ್ದವಳು. ಕತ್ತರಿಸಿದಳು.

ಗುಡುಗಿನ ಮೀನಖಂಡ, ಹಳದಿ ಕಾಲುಚೀಲ ಎರಡೂ ಬಯಲಿಗೆ ಬಂದವು. ಶಿಷ್ಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮಗಳು ಮಾತ್ರ ನಗಲಿಲ್ಲ. ಕ್ಯಾಮೆರಾದ ಪಕ್ಕ ತಲೆ ಮೇಲೆ ಕೈ ಹೊತ್ತು ಕೂತಳು. ಚಿಕ್ಕಮ್ಮ ಕತ್ತರಿ ಕೆಳಗಿಟ್ಟು ಅವಳನ್ನೇ ನೋಡಿದಳು. ಅಂಗೈ ಅಗಲದ ಬೊಂಬೆಗೂ ತಾನೇ ಬಟ್ಟೆ ಹೊಲಿದುಕೊಟ್ಟು ಬೆಳೆಸಿದ ಮಗು ಅದು. ಅವಳ ಸಿನಿಮಾ ತನ್ನ ಕತ್ತರಿಗೇ ಬಲಿಯಾಯಿತಲ್ಲ ಎಂದು ಕಣ್ಣು ತುಂಬಿ ಬಂತು.

ಮಗಳು ಆ ನಿಲುವಂಗಿಯನ್ನು ನೋಡಿದಳು, ಆಮೇಲೆ ಐದಡಿಗೂ ಒಂದು ಬೆರಳು ಕಮ್ಮಿಯಿದ್ದ ಚಿಕ್ಕಮ್ಮನನ್ನು ನೋಡಿದಳು. ಸದ್ಯ ಅದು ಸರಿಹೋಗುವುದು ಒಬ್ಬಳಿಗೇ.

ತನಗೆ ಡೈಲಾಗ್ ಬರುವುದಿಲ್ಲ ಎಂದು ಚಿಕ್ಕಮ್ಮ ಗೋಗರೆದಳು. ದಿನಾ ಏನು ಮಾಡುತ್ತೀಯೋ ಅದನ್ನೇ ಮಾಡು, ನಾನು ‘ಕಟ್’ ಅಂದರೆ ಕೈ ಕಟ್ಟಿಕೊಂಡು ನಿಲ್ಲು ಎಂದು ಮಗಳು ಮುಸುಕು ಎಳೆದು ಸರಿಮಾಡಿದಳು.

ಚಿಕ್ಕಮ್ಮ ಮೆಲ್ಲಗೆ ನಡೆದು ಬಂದಳು. ಗಾಬರಿಯಲ್ಲಿ ಗುಂಡುಸೂಜಿ ಉಗುಳುವುದನ್ನೂ ಮರೆತಿದ್ದಳು. ಜೇಬಿಗೆ ಕೈಹಾಕಿ ಟೇಪ್ ತೆಗೆದು ನರ್ಸಿನ ಕತ್ತಿಗೆ ಸುತ್ತಿದಳು. “ಹದಿಮೂರೂವರೆ,” ಎಂದಳು. ಭುಜ ಅಳೆದಳು. ತಲೆಯಿಂದ ಪಾದದವರೆಗೆ ಅಳೆದಳು. “ಐದು ಅಡಿ ಮೂರು. ಸಾಕು.” ನರ್ಸಿನ ನಗು ಎಲ್ಲಿ ಹೋಯಿತೋ, ಮುಖ ಬಿಳುಚಿಕೊಂಡಿತು. ಅವಳು ನಡುಗುವುದನ್ನು ಕಂಡು ಚಿಕ್ಕಮ್ಮನಿಗೆ ನಿಜವಾಗಿ ಪಾಪ ಅನ್ನಿಸಿತು.

“ಅಲ್ಲಾಡಬೇಡ ಪುಟ್ಟಾ. ಈಗ ಮುಗಿದುಹೋಗುತ್ತೆ.”

ಚಿಕ್ಕಮ್ಮ ‘ಕಟ್’ಗಾಗಿ ಕಾದಳು, ಮಗಳು ಅದನ್ನು ಹೇಳಲೇ ಇಲ್ಲ. ಬಹಳ ಹೊತ್ತಾದ ಮೇಲೆ, “ಸಾಕು ಚಿಕ್ಕಮ್ಮ,” ಎಂದು ಬಂದು ತಬ್ಬಿಕೊಂಡಳು.

ಮೂರು ತಿಂಗಳ ನಂತರ ಗ್ರಂಥಾಲಯದ ಸಭಾಂಗಣದಲ್ಲಿ ಚಿತ್ರ ತೋರಿಸಿದರು. ‘ಹದಿಮೂರೂವರೆ’ ಎಂದದ್ದಕ್ಕೆ ಹಿಂದಿನ ಸಾಲಿನಲ್ಲಿ ಯಾರೋ ಚಿಟ್ಟನೆ ಚೀರಿದರು. ಗಣಿತದ ಟೀಚರಿರಬೇಕು ಎಂದು ಚಿಕ್ಕಮ್ಮನಿಗೆ ಗುಮಾನಿ.

ಸೋಮವಾರ ಟೀಚರ್ ಹೊಸ ಅಂಗಿಗೆ ಅಳತೆ ಕೊಡಲು ಬಂದಳು. ಚಿಕ್ಕಮ್ಮ ಅಭ್ಯಾಸದಂತೆ ಕತ್ತಿಗೆ ಟೇಪ್ ಸುತ್ತಿದಳು. ಈ ಸಲ ಗೊಣಗಾಟವಿಲ್ಲ.

“ನಿಧಾನಕ್ಕೆ ಆಗ್ಲಿ ಚಿಕ್ಕಮ್ಮ,” ಎಂದಳು ಟೀಚರ್ ಸಣ್ಣ ದನಿಯಲ್ಲಿ. “ನನಗೇನೂ ಅವಸರ ಇಲ್ಲ.”

ಚಿಕ್ಕಮ್ಮನಿಗೆ ನಗು ತಡೆಯಲಾಗಲಿಲ್ಲ. ಗುಂಡುಸೂಜಿಗಳನ್ನು ಅಂಗೈಗೆ ಉಗುಳಿ ಬಾಯ್ತುಂಬ ನಕ್ಕಳು. ಕನ್ನಡಿ ಪಕ್ಕದಲ್ಲೇ ಇತ್ತು. ಟೀಚರ್ ಅದನ್ನು ಬಿಟ್ಟು ಅವಳ ಮುಖವನ್ನೇ ನೋಡುತ್ತಿದ್ದಳು.