ಮಾಸ್ತಮ್ಮನ ಜಿಡ್ಡಿನ ಗುಂಡಿ

ಮಾಸ್ತಮ್ಮನ ಬಾಯಿಗೆ ಬಾಗಿಲೇ ಇಲ್ಲ ಎಂದು ಪೇಟೆಯವರು ಹೇಳುತ್ತಿದ್ದರು. ಇಲ್ಲದಿದ್ದದ್ದೇ ಒಳ್ಳೆಯದಾಯಿತು ಬಿಡಿ. ಆ ಬಾಯಿ ಇಲ್ಲದಿದ್ದರೆ ಎಂಬತ್ಮೂರರ ಮಳೆಗಾಲದಲ್ಲಿ ಅವಳ ಹೋಟೆಲು ಗಟಾರದ ಪಾಲಾಗುತ್ತಿತ್ತು.

ಹುಟ್ಟಿದ್ದು ಅಘನಾಶಿನಿಯಲ್ಲಿ. ಇಳಿತದ ಹೊತ್ತಿಗೆ ಹೊಳೆಗಿಳಿದು, ಕೆಸರಿನಲ್ಲಿ ಬಳಚಿನ ಚಿಪ್ಪು ಹೆಕ್ಕುತ್ತ ಬೆಳೆದವಳು. ಗಂಡ ದಾಸ ದೋಣಿಗೆ ಹೋಗುತ್ತಿದ್ದ. ಬಲೆ ಎಳೆದೂ ಎಳೆದೂ ಅವನ ಸೊಂಟ ಬಿದ್ದುಹೋದ ಮೇಲೆ ಅವಳು ಸುಮ್ಮನೆ ಕೂತು ಅಳಲಿಲ್ಲ. ಧಾರೇಶ್ವರದಿಂದಾಚೆ ಹೆದ್ದಾರಿ ಬದಿಯ ಪೇಟೆಯಲ್ಲಿ ಒಂದು ಹಂಚಿನ ಕೋಣೆ ಹಿಡಿದು, ಎರಡು ಬೆಂಚು ಹಾಕಿ, ಮೀನೂಟದ ಹೋಟೆಲು ತೆಗೆದಳು. ಹೊನ್ನಾವರ, ಭಟ್ಕಳದ ಕಡೆ ಹೋಗುವ ಲಾರಿಯವರು ಅವಳ ಬಂಗಡೆ ಹುರಿದದ್ದಕ್ಕೆ ಹಸಿವು ಕಟ್ಟಿಕೊಂಡು ಬರುತ್ತಿದ್ದರು. ಗಂಡ ಹೆಂಡಿರ ಅನ್ನ ಆ ಒಲೆಯಲ್ಲೇ ಬೇಯಬೇಕು, ಬೇರೆ ದಾರಿ ಇರಲಿಲ್ಲ.

ಎಂಬತ್ತೆರಡರ ಮಳೆಗೆ ಪೇಟೆಯ ಗಟಾರ ಕಟ್ಟಿ ನೀರು ಅಂಗಡಿಗಳಿಗೆ ನುಗ್ಗಿತು. ಗಟಾರದ ಒಳಗಿಂದ ಹೊರಬಿದ್ದದ್ದು ತೊಗಲಿನಂತೆ ಗಟ್ಟಿಯಾದ ಜಿಡ್ಡು. "ಮೀನಿನಂಗಡಿಯದ್ದೇ!" ಎಂದು ಎಲ್ಲರಿಗಿಂತ ಮೊದಲು ಕೂಗಿದವರು ಕೃಷ್ಣಾನಂದರು. ಎದುರು ಸಾಲಿನ ದೊಡ್ಡ ಸಸ್ಯಾಹಾರಿ ಹೋಟೆಲು ಅವರದು. ಬೆಳಗಿನಿಂದ ಕತ್ತಲೆಯವರೆಗೆ ಅವರ ಬಾಣಲೆಯಲ್ಲಿ ವಡೆ, ಬೋಂಡ, ಪೂರಿ ಈಜುತ್ತಲೇ ಇರುತ್ತಿದ್ದವು. ಆದರೇನು, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ!

ಮರುವರ್ಷ ಹೊಸ ಕಾನೂನು ಬಂತು. ಹೋಟೆಲಿನವರೆಲ್ಲ ಅಡಿಗೆಮನೆಯ ನೀರು ಹೋಗುವಲ್ಲಿ ಗುಂಡಿ ಕಟ್ಟಬೇಕು, ನಡುವೆ ಅಡ್ಡಗೋಡೆ ಇಡಬೇಕು. ಜಿಡ್ಡು ಮೇಲೆ ತೇಲಿ ಅಲ್ಲೇ ನಿಲ್ಲಬೇಕು, ಕೆಳಗಿನ ನೀರು ಮಾತ್ರ ಗಟಾರಕ್ಕೆ ಹೋಗಬೇಕು. ಮಳೆ ಹಿಡಿಯುವುದರೊಳಗೆ ಕಟ್ಟದವರ ಲೈಸೆನ್ಸು ರದ್ದು, ಬಾಗಿಲಿಗೆ ಬೀಗ. ಮಾಸ್ತಮ್ಮನಿಗೆ ಕಾನೂನಿನ ಮೇಲೆ ಸಿಟ್ಟೇನೂ ಇರಲಿಲ್ಲ. ದಾಸನಿಗೆ ಗುದ್ದಲಿ ಕೊಟ್ಟು, ಕಲ್ಲು ತರಿಸಿಕೊಟ್ಟಳು. ಅವನು ನಾಲ್ಕು ಸಲ ಅಗೆದು, ಎರಡು ಸಲ ಸೊಂಟ ಹಿಡಿದುಕೊಂಡು, ಅಂತೂ ಗುಂಡಿ ಮುಗಿಸಿದ. ಅಡ್ಡಗೋಡೆ ಚೊಕ್ಕವಾಗಿ ಬಂದಿತ್ತು. ಹೊರಗೆ ಹೋಗುವ ತೂಬನ್ನು ಮಾತ್ರ ಹಿತ್ತಿಲ ತೆಂಗಿನ ಬುಡಕ್ಕೆ ತಿರುಗಿಸಿಬಿಟ್ಟಿದ್ದ!

"ನಿಮ್ಗೆ ಮಂಡೆ ಸಮ ಇತ್ತಾ? ಗಟಾರಕ್ಕೆ ಬಿಡಿ ಅಂದ್ರೆ ಇದೆಂತ ಮಾಡಿಟ್ರಿ?" ಎಂದು ಮಾಸ್ತಮ್ಮ ಹಣೆ ಚಚ್ಚಿಕೊಂಡಳು.

ದಾಸನಿಗೆ ತನ್ನ ತಪ್ಪೇ ತಿಳಿಯಲಿಲ್ಲ. "ಮುಸುರೆ ನೀರು ತೆಂಗಿನ ಬುಡಕ್ಕೆ ಅಲ್ದೆ ಮತ್ತೆಲ್ಲಿಗೆ ಬಿಡೂದೇ ಮಾಸ್ತಿ? ನಮ್ಮ ಅಪ್ಪ ಅಜ್ಜ ಎಲ್ಲ ಹಾಂಗೇ ಮಾಡಿದ್ದು." ಕರಾವಳಿಯಲ್ಲಿ ಹುಟ್ಟಿದವನ ಕೈ ತಾನಾಗಿ ತೆಂಗಿನ ಕಡೆಗೆ ತಿರುಗಿತ್ತು, ಪಾಪ.

ತಿದ್ದುವುದರೊಳಗೆ ಇನ್‌ಸ್ಪೆಕ್ಟರ್ ಮಹಾಬಲ ಬಂದರು. ಪೇಟೆಯ ಹೋಟೆಲುಗಳ ತಪಾಸಣೆ ಅವರ ಕೆಲಸ, ಅವರ ದಿನದ ವಡೆ-ಚಾ ಕೃಷ್ಣಾನಂದರಲ್ಲಿ. ಗುಂಡಿಗೆ ಬಗ್ಗಿ ನೋಡಿ, ತಲೆ ಅಲ್ಲಾಡಿಸಿದರು. "ನಕ್ಷೆ ಪ್ರಕಾರ ಗಟಾರಕ್ಕೆ ಸೇರಬೇಕು ಮಾಸ್ತಮ್ಮ. ಇದು ನಡೆಯುವುದಿಲ್ಲ. ಒಡೆದು ಸೇರಿಸು, ಇಲ್ಲದಿದ್ದರೆ ಬೀಗ."

"ಆತು ಸಾಯೇಬ್ರೇ, ನಾ ಇವತ್ತೇ ಒಡೆದು..." ಎಂದು ದಾಸ ಗುದ್ದಲಿ ಎತ್ತಿಯೂ ಬಿಟ್ಟ.

"ಮುಟ್ಟಿದ್ರೆ ನೋಡಿ!" ಎಂದಳು ಮಾಸ್ತಮ್ಮ. ಬೆಳಗಿನಿಂದ ಗಂಡನನ್ನು ಬೈಯುತ್ತಿದ್ದವಳಿಗೆ ಆಗ ತಟ್ಟನೆ ಹೊಳೆದಿತ್ತು. ತೂಬು ಗಟಾರಕ್ಕೆ ಸೇರಿದರೆ ನಾಳೆ ಅಲ್ಲಿ ಸಿಗುವ ಜಿಡ್ಡೆಲ್ಲ ಮತ್ತೆ ಅವಳದೇ. ಸೇರದಿದ್ದರೆ ಯಾರ ನಾಲಿಗೆಯೂ ಅವಳ ಕಡೆ ಚಾಚುವ ಹಾಗಿಲ್ಲ. "ನನ್ನ ಮುಸುರೆ ನಿಮ್ಮ ಗಟಾರಕ್ಕೆ ಬೀಳೂದಿಲ್ಲ ಅಂತ ನಿಮ್ಗೆ ಸಿಟ್ಟಾ ಸಾಯೇಬ್ರೇ? ಗಟಾರ ಕಟ್ಟೂದು ಬೇಡ ಅಂತಲೇ ಅಲ್ದಾ ಕಾನೂನು ಮಾಡಿದ್ದು? ಒಡೆಯೂದಿಲ್ಲ. ಎಂತ ಮಾಡ್ತ್ರಿ ಮಾಡಿ."

ಮಾಡಿಯೇ ಬಿಟ್ಟರು. ಮೀನುಪೇಟೆ ತುಂಬಿದ ಹೊತ್ತಿಗೆ, ಎಲ್ಲರ ಕಣ್ಣೆದುರು, ಬಾಗಿಲಿಗೆ ಬೀಗ ಜಡಿದರು. ಕೃಷ್ಣಾನಂದರು ತಮ್ಮ ಗಲ್ಲಾದಲ್ಲಿ ಕೂತು ನೋಡಿದರು; ಅವರ ಹಿತ್ತಿಲಲ್ಲಿ ಇನ್ನೂ ಒಂದು ಗುದ್ದಲಿಯೂ ಬಿದ್ದಿರಲಿಲ್ಲ. ಮಾಸ್ತಮ್ಮನ ಕಣ್ಣಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಬೇಕು? ಆದರೆ ಅವಳು ಸೆರಗಿನಿಂದ ಒರೆಸಿಕೊಂಡಳು, ಅಷ್ಟೆ. ಹಿತ್ತಿಲಿಗೆ ಹೋಗಿ ಮೂರು ಕಲ್ಲು ಹೂಡಿದಳು.

"ಬೀಗ ಬಿದ್ದದ್ದು ಬಾಗಿಲಿಗೆ, ನನ್ನ ಒಲೆಗಲ್ಲ," ಎಂದಳು.

ಲಾರಿಯವರು ಬೇಲಿ ದಾಟಿ ಬಂದು ತೆಂಗಿನ ಮಡಲಿನ ಮೇಲೆ ಕೂತು ಉಂಡರು. ಆದರೆ ಮಳೆ ಬಂದರೆ ಬಯಲಲ್ಲಿ ಒಲೆ ಉರಿಯುತ್ತದೆಯೇ? ಮೋಡ ಕಟ್ಟಿದಾಗಲೆಲ್ಲ ದಾಸ ಗುದ್ದಲಿಯ ಕಡೆ ನೋಡುತ್ತಿದ್ದ. ಮಾಸ್ತಮ್ಮ ಅದನ್ನು ಎತ್ತಿ ಅಟ್ಟಕ್ಕೆ ಹಾಕಿದಳು.

ಮಳೆ ಬಂತು ನೋಡಿ, ಅಬ್ಬಾ! ಮೂರು ಕಲ್ಲಿನ ಒಲೆ ಮುಳುಗಿತು. ಅದರ ಜೊತೆಗೆ ಪೇಟೆಯ ಗಟಾರವೂ ಕಟ್ಟಿತು. ನೀರು ಕೃಷ್ಣಾನಂದರ ಮೆಟ್ಟಿಲು ಹತ್ತಿ ಊಟದ ಹಾಲಿಗೇ ಹೋಯಿತು. ಇನ್‌ಸ್ಪೆಕ್ಟರು ಕೊಡೆ ಹಿಡಿದು ಓಡಿ ಬಂದರು. ಕೂಲಿಯವರು ಬಿದಿರು ತೂರಿ ತಿವಿದಾಗ ಜಿಡ್ಡಿನ ಗಡ್ಡೆ ಹೊರಗೆ ಬಂತು, ಹೋದ ವರ್ಷದ್ದಕ್ಕಿಂತ ದೊಡ್ಡದು. ಯಾರೋ ರೂಢಿಯ ಮೇಲೆ "ಮೀನಿನಂಗಡಿ..." ಎಂದು ಬಾಯಿ ತೆರೆದರು.

ಮಳೆಗೆ ಎಲೆಯ ಗೊರಬು ಹೊದ್ದು ನಿಂತಿದ್ದ ಮಾಸ್ತಮ್ಮ ಗುಂಪು ಸೀಳಿಕೊಂಡು ಮುಂದೆ ಬಂದಳು. "ಯಾರದು? ಇನ್ನೊಂದ್ಸಲ ಹೇಳಿ! ನನ್ನ ಬಾಗಿಲಿಗೆ ಬೀಗ. ನನ್ನ ನೀರು ತೆಂಗಿನ ಬುಡಕ್ಕೆ. ಹಾಂಗಾರೆ ಈ ಜಿಡ್ಡು ಎಂತ, ಮಳೆ ಸಂಗಡ ಮೋಡದಿಂದ ಬಿತ್ತಾ?"

ಅವಳು ಯಾರ ಹೆಸರೂ ಎತ್ತಿರಲಿಲ್ಲ. ಕೃಷ್ಣಾನಂದರೇ ಮೆಟ್ಟಿಲ ಮೇಲಿಂದ, "ನಮ್ಮಲ್ಲಿ ಎಲ್ಲ ಶುದ್ಧ ಕೊಬ್ಬರಿ ಎಣ್ಣೆ," ಎಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಮೊದಲು ಕೂಲಿಯವರು ನಕ್ಕರು, ಆಮೇಲೆ ಪೇಟೆಯೇ ನಕ್ಕಿತು.

ಮರುದಿನ ಕಚೇರಿಯ ಜವಾನ ಕುಪ್ಪ ಹಿತ್ತಿಲ ಬೇಲಿಯ ಬಳಿ ನಿಂತು ಬೀಗದ ಕೈ ಚಾಚಿದ. "ಗಲಾಟೆ ಬೇಡ್ವಂತೆ ಮಾಸ್ತಕ್ಕ. ನೀವೇ ತೆಗೆದುಕೊಳ್ಳೂಕೆ ಹೇಳಿದ್ರು ಸಾಯೇಬ್ರು."

ದಾಸ ಕೈ ಮುಂದೆ ಮಾಡಿದ. ಮಾಸ್ತಮ್ಮ ಆ ಕೈಯನ್ನು ಹಿಂದಕ್ಕೆ ಎಳೆದಳು. "ಹಾಕೂಕೆ ಅವರೇ ಬಂದಿದ್ರು, ತೆಗೆಯೂಕೂ ಅವರೇ ಬರ್ಲಿ. ಹಾಕೂದನ್ನು ಪೇಟೆಯೆಲ್ಲ ನೋಡಿತ್ತು. ತೆಗೆಯೂದನ್ನೂ ನೋಡ್ಲಿ. ಅಲ್ಲಿವರೆಗೆ ಉಪವಾಸ ಇರ್ತೆ ನಾನು, ಹೋಗಿ ಹೇಳು."

ಲಾರಿಯವರು ಹಸಿದುಕೊಂಡೇ ಹೋದರು. ಮನೆಯಲ್ಲಿ ಒಲೆ ಹೊತ್ತಲಿಲ್ಲ. ದಾಸ ಗೊಣಗಿದ, ಅವಳು ಕೇಳಲಿಲ್ಲ. ಕಡೆಗೆ ಮೀನುಪೇಟೆ ತುಂಬಿದ ಹೊತ್ತಿಗೆ ಇನ್‌ಸ್ಪೆಕ್ಟರು ತಾವೇ ಬಂದು, ಯಾರ ಮುಖವನ್ನೂ ನೋಡದೆ ಬೀಗ ತೆಗೆದು, ಅದನ್ನು ಪ್ಯಾಂಟಿನ ಕಿಸೆಗೆ ಇಳಿಸಲು ಹೋದರು.

"ಕಿಸೆಗೆ ಹಾಕ್ಬೇಡಿ ಸಾಯೇಬ್ರೇ," ಎಂದಳು ಮಾಸ್ತಮ್ಮ, ಎದುರು ಸಾಲಿನವರೆಗೂ ಕೇಳುವಂತೆ. "ಆ ಎದುರಿನ ಹೋಟೆಲಿಗೆ ಗುಂಡಿಯೇ ಇಲ್ಲ."