ಮೊಣಕಾಲು ನೋವು ಎಂದಿದ್ದಳು

“ಸರ್, ಅವತ್ತು ಮೊಣಕಾಲು ನೋಯಾಕತ್ತೈತಿ ಅಂತ ನಿಮಗ ಹೇಳಿದ್ಳಂತ. ಖರೇ ಏನ್ರೀ?”

ಸವಣೂರಿನ ಅಂಗಡಿಯಲ್ಲಿ ಗಾದಿಗೆ ಹತ್ತಿ ತುಂಬುತ್ತಿದ್ದ ಹಿರಿಯರು ಕೇಳಿದರು. ಗಾದಿ ಮಾಡಿಸಲು ಹೋಗಿದ್ದ ನಾನು ಆಗಷ್ಟೇ ಅವರ ಗುರುತು ಹಿಡಿದಿದ್ದೆ. ಶಿಗ್ಗಾಂವಿಯ ನಮ್ಮ ಕಾಲೇಜು ಬಾಸ್ಕೆಟ್‌ಬಾಲ್ ತಂಡದಲ್ಲಿ ಗಾರ್ಡ್ ಆಗಿದ್ದ ರೇಷ್ಮಾಳ ಅಪ್ಪ ಅವರು.

ತಂಡಕ್ಕೆಲ್ಲ ಗಿಡ್ಡ ಹುಡುಗಿ ಅವಳೇ. ಆದರೆ ಚೆಂಡು ಕೈಗೆ ಸಿಕ್ಕರೆ ಯಾರಿಗೂ ಬಿಡುತ್ತಿರಲಿಲ್ಲ. ತಾಯಿಯಿಲ್ಲದ ಮಗಳಿಗೆ ಅಂಗಡಿಯ ಗೋಡೆಗೇ ಕಬ್ಬಿಣದ ರಿಂಗ್ ಬಡಿದು ಆಟ ಹಚ್ಚಿದವರು ಈ ಅಪ್ಪ. ವಿಶ್ವವಿದ್ಯಾಲಯದ ತಂಡಕ್ಕೆ ಅವಳು ಆಯ್ಕೆಯಾದ ವಾರವೇ ನಮ್ಮ ಅಂತರ ಕಾಲೇಜು ಫೈನಲ್ ಇತ್ತು. ಅರ್ಧಾವಧಿಯಲ್ಲಿ ಕುಂಟುತ್ತ ಬಂದವಳಿಗೆ ತರಬೇತುದಾರನಾದ ನಾನು, “ಇನ್ನೊಂಚೂರು ತಡ್ಕೋ” ಎಂದು ಮತ್ತೆ ಅಂಗಣಕ್ಕೆ ಕಳಿಸಿದೆ. ಪಂದ್ಯ ಗೆದ್ದೆವು. ಜಿಗಿದು ಬಿದ್ದ ಅವಳನ್ನು ಎತ್ತಿಕೊಂಡೇ ಹೊರಗೆ ತರಬೇಕಾಯಿತು. ಎರಡು ಶಸ್ತ್ರಚಿಕಿತ್ಸೆಯಾದರೂ ಅವಳಿಗೆ ಮತ್ತೆ ಆಡಲಾಗಲಿಲ್ಲ. ನೋವಿನ ವಿಷಯ ನನಗೆ ಗೊತ್ತೇ ಇರಲಿಲ್ಲವೆಂದು ಎಲ್ಲರಿಗೂ ಹೇಳಿದ್ದೆ.

“ಹೌದ್ರಿ, ಹೇಳಿದ್ಳು,” ಎಂದೆ.

ಅವರು ಬೈಯಲಿಲ್ಲ. “ಐದು ವರ್ಷ ಆತ್ರಿ, ಅಕಿನ ಸುಳ್ಳು ಹೇಳಾಕತ್ತಾಳ ಅನ್ಕೊಂಡಿದ್ದೆ,” ಎಂದು ಮುಖ ತಿರುಗಿಸಿದರು.

ಈಗ ಯಾರಾದರೂ ನೋವು ಎಂದರೆ ಕೂಡಲೇ ಕೂರಿಸುತ್ತೇನೆ. ಅದರಿಂದ ರೇಷ್ಮಾಳಿಗೆ ಏನೂ ಪ್ರಯೋಜನವಿಲ್ಲ.