ಲಂಗರಿನ ಕಬ್ಬಿಣ

ಒಡೆಟ್ ಪೊಯ್ರಿಯೆ ತನ್ನ ಕುಲುಮೆಗೆ ಮುಳುಗಿಹೋದವರ ಎಲುಬು ಸುರಿದಳೆಂದು ಕೇಪ್ ಬ್ರೆಟನ್ ದ್ವೀಪದ ಆ ಮೀನುಬಂದರಿನಲ್ಲಿ ಈಗಲೂ ಹೇಳುವವರಿದ್ದಾರೆ. ಅವಳು ಮಾಡಿದ ಚೂರಿಯ ಮೈಮೇಲೆ ಸುಳಿಸುಳಿಯಾಗಿ ಹರಿದ ಬಿಳಿಗೆರೆಗಳೇ ಅದಕ್ಕೆ ಸಾಕ್ಷಿಯಂತೆ. ಅದು ಸುಳ್ಳು. ಬೆಂಕಿಗೆ ಬಿದ್ದದ್ದು ಕಲ್ಲಿದ್ದಲು, ಜೊತೆಗೆ ಬೆಸುಗೆ ಹಿಡಿಯಲೆಂದು ಒಂದು ಹಿಡಿ ಬಿಳಿಗಾರ. ಹಳೆಯ ಲಂಗರಿನ ಮೆದು ಕಬ್ಬಿಣವನ್ನೂ ಲಾರಿ ಸ್ಪ್ರಿಂಗಿನ ಉಕ್ಕನ್ನೂ ಪದರಪದರವಾಗಿ ಬೆಸೆದು, ಹಗ್ಗದಂತೆ ಹೊಸೆದು, ಬಡಿದು ಚಪ್ಪಟೆ ಮಾಡಿದ್ದರಿಂದ ಮೂಡಿದ ಗೆರೆಗಳವು.

ಲಂಗರು ಮುದುಕ ಲಜಾರನ ಅಜ್ಜನ ಹಡಗಿನದು. ಬಲೆಗೆ ಸಿಕ್ಕಿ ಮೇಲೆ ಬಂದಾಗ ತುಕ್ಕು ತಿಂದು ಉಳಿದದ್ದು ಮೊಳದುದ್ದದ ತುಂಡು. ದೋಣಿಗಳ ಬಿಜಾಗರಿ, ಕೊಕ್ಕೆಗಳನ್ನು ಸರಿಪಡಿಸಿಕೊಂಡು ಬದುಕುತ್ತಿದ್ದ ಒಡೆಟ್‌ಳ ಮುಂದೆ ಅದನ್ನಿಟ್ಟು, ಮೀನು ಸೀಳಲು ಚೂರಿ ಮಾಡಿಕೊಡೆಂದು ಕೇಳಿ, ಅವನು ಹೇಳಿದ್ದ: “ಚೂರಿ ಬಾಯಿಗೂ ಅಜ್ಜನ ಕಬ್ಬಿಣಾನೇ ಇರ್ಲಿ ಕಣಮ್ಮ. ಮೀನಿಗೆ ತಾಗೋದು ಅದೇ ಆಗ್ಬೇಕು.”

ಮೆದು ಕಬ್ಬಿಣ ಹರಿತ ಹಿಡಿಯದೆಂದು ಅವಳಿಗೆ ಗೊತ್ತಿತ್ತು. ಆದರೂ ಆ ಮುಖ ನೋಡಿ ಇಲ್ಲವೆನ್ನಲಾಗಲಿಲ್ಲ.

ಚೂರಿ ಕೊಂಡೊಯ್ದ ಕೆಲವೇ ದಿನಗಳಲ್ಲಿ ಲಜಾರ್ ವಾಪಸ್ಸು ಬಂದ.

“ಏನಮ್ಮಾ ಇದು! ಎರಡು ಕಾಡ್ ಮೀನು ಸೀಳೋದ್ರೊಳಗೆ ಬೆಣ್ಣೆ ಸವರೋ ಚೂರಿ ಆಗೋಯ್ತು. ಬಂದರಿನ ಕಟ್ಟೆ ಮೇಲೆ ಎಲ್ರೂ, ‘ಬ್ರೆಡ್ಡೂ ತರ್ಲಾ ತಾತ?’ ಅಂತ ಕೇಳ್ತಾರೆ.”

“ತಪ್ಪು ನಂದು, ಲಜಾರಣ್ಣ. ಅವತ್ತೇ ಬೇಡ ಅನ್ಬೇಕಿತ್ತು. ಬಾಯಿ ಕತ್ತರಿಸಿ ತೆಗೆದು ಉಕ್ಕಿನ ಪಟ್ಟಿ ಬೆಸೀಬೇಕು.”

“ಬೆಸುಗೆ ಕೂರ್ದಿದ್ರೆ?”

“ಎಲ್ಲಾ ಹೋಗತ್ತೆ. ಲಂಗರಿಂದು ಬೇರೆ ತುಂಡಿಲ್ಲ.”

ಮುದುಕ ಕೂತು ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡ. “ಗೋಡೆಗೆ ತೂಗ್ಹಾಕೋ ಚೂರಿ ನಂಗ್ಯಾಕೆ? ಹಾಕು ಬೆಂಕಿಗೆ.”

ಹಳೆಯ ಕಬ್ಬಿಣ ಬೆಸೆಯುವ ಕಾವು ತುಸು ಮೀರಿದರೂ ಉಕ್ಕು ಸುಟ್ಟು ಕಿಡಿ ಕಾರತೊಡಗುತ್ತದೆ. ಎರಡರ ನಡುವಿನ ಬಿಡುವು ಉಸಿರೆಳೆದುಕೊಳ್ಳುವಷ್ಟು. ಕಾವಿನ ಬಣ್ಣ ಕತ್ತಲಲ್ಲಿ ಸರಿಯಾಗಿ ಕಾಣಲೆಂದು ಒಡೆಟ್ ಕಿಟಕಿ ಮುಚ್ಚಿದಳು. ಕಾದ ಲೋಹ ಕರಗಿದ ಬೆಣ್ಣೆಯ ಹಳದಿಗೆ ತಿರುಗಿದ ಕೂಡಲೇ ಹೊರಗೆಳೆದು, ಮೊದಲ ಏಟುಗಳನ್ನು ಕೂಸಿನ ಬೆನ್ನು ತಟ್ಟುವಷ್ಟು ಹಗುರವಾಗಿ ಹಾಕಿದಳು; ಬಿರುಸಾಗಿ ಹೊಡೆದಿದ್ದರೆ ಪಟ್ಟಿ ಜಾರುತ್ತಿತ್ತು. ಬೆಸುಗೆ ಕೂತಿತು. ಬಡಿದು, ಉಜ್ಜಿ ರೂಪಕ್ಕೆ ತಂದು, ಮತ್ತೆ ಕಾಯಿಸಿ ಉಕ್ಕು ಗಡುಸಾಗಲೆಂದು ಎಣ್ಣೆಗೆ ಇಳಿಸಿದಾಗ ಬಿರುಕಿನ ಸದ್ದಿಗೆ ಇಬ್ಬರೂ ಕಿವಿಗೊಟ್ಟರು. ಎಣ್ಣೆ ಕುದಿದ ಸದ್ದೊಂದೇ.

“ಉಸ್ರು ಬಿಡ್ಬಹುದೇನಮ್ಮ?” ಎಂದ ಲಜಾರ್.

ಚೂರಿ ಈಗ ಮೊದಲಿಗಿಂತ ಬೆರಳಗಲ ಕಿರಿದು. ಲಜಾರ್ ದಿನವೂ ಅದರಲ್ಲೇ ಮೀನು ಸೀಳುತ್ತಾನೆ, ವಾರಕ್ಕೊಮ್ಮೆ ಮಸೆಯುತ್ತಾನೆ. ಅದು ಸವೆದರೆ ಇನ್ನೊಂದು ಮಾಡಲು ಲಂಗರಿನ ಕಬ್ಬಿಣ ಒಡೆಟ್‌ಳ ಬಳಿ ಚೂರೂ ಉಳಿದಿಲ್ಲ.